ಹಾಳೆ ಬಿಡುವ ಕೈ

ಡೆಲ್ಬರ್ಟ್ ಟ್ಯಾಕೆಟ್ ರೇಡಿಯೋದಲ್ಲಿ ಒಂಬತ್ತು ವರ್ಷ ಡಾಕ್ಟರಾಗಿದ್ದ. ಕುದುರೆ, ಕೋವಿ, ದರೋಡೆಕೋರರ ನಮ್ಮ ವಾರದ ನಾಟಕದಲ್ಲಿ ಗುಂಡೇಟು ತಿಂದವರನ್ನೆಲ್ಲ ಅವನೇ ಬದುಕಿಸಬೇಕು. ಎಷ್ಟೋ ಸಲ ಸಾಯುವವನ ನರಳಾಟವೂ ಅವನದೇ. ಕುದುರೆಯ ಗೊರಸಿನ ಸದ್ದು ಮಾತ್ರ ನನ್ನದು. ಮರಳಿನ ತಟ್ಟೆಯಲ್ಲಿ ತೆಂಗಿನ ಚಿಪ್ಪು ಕುಟ್ಟುತ್ತ ಅವನ ಪಕ್ಕದಲ್ಲೇ ನಿಂತವನು ನಾನು, ನನ್ನ ಮಾತು ನಂಬಿ: ಲಾಸ್ ಏಂಜಲೀಸಿನಲ್ಲಿ ಅಂಥ ದನಿ ಇನ್ನೊಂದಿರಲಿಲ್ಲ. ಆಳು ಕುಳ್ಳ, ಬೋಳುತಲೆ.

ಮೈಕಿನ ಮುಂದೆ ಕಾಗದ ಸರಿದರೆ ದೇಶಕ್ಕೆಲ್ಲ ಕೇಳಿಸುತ್ತದೆ. ಅದಕ್ಕೇ ನಮ್ಮವರು ಓದಿ ಮುಗಿದ ಹಾಳೆಯನ್ನು ತಿರುವುವುದಿಲ್ಲ. ಬೆರಳು ಸಡಿಲಿಸಿ ಮೆಲ್ಲಗೆ ಜಮಖಾನದ ಮೇಲೆ ಬಿಟ್ಟುಬಿಡುತ್ತಾರೆ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ನಾಟಕ ಟೆಲಿವಿಷನ್ನಿಗೆ ಹೋಯಿತು. ಡಾಕ್ಟರ್ ಪಾತ್ರ ತನಗೇ ಸಿಗಬೇಕೆಂದು ಡೆಲ್ಬರ್ಟ್ ಆಸೆ ಕಟ್ಟಿಕೊಂಡಿದ್ದ. "ಇದೂ ಕೈತಪ್ಪಿದ್ರೆ ನಾನ್ಯಾರು ಹೇಳು?" ಎಂದು ನನ್ನನ್ನು ಕೇಳಿದ್ದ.

ಪಾತ್ರಕ್ಕೆ ಆರಿಸುವ ಪರೀಕ್ಷೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಕ್ಯಾಮೆರಾ ಮುಂದೆ ಗಾಯಾಳುವಿನ ಪಕ್ಕ ಕೂತು ಅವನು ಮಾತು ಶುರುಮಾಡಿದ. ಎಲ್ಲರೂ ಕೆಲಸ ಬಿಟ್ಟು ಕಿವಿಗೊಟ್ಟರು. ಮೊದಲ ಮಾತು ಮುಗಿಯಿತು, ಹಾಳೆಯೇ ಇಲ್ಲದ ಬಲಗೈ ತಾನಾಗಿ ತೆರೆದುಕೊಂಡಿತು.

"ಕಟ್! ಏನಯ್ಯಾ ಅದು ಬೀಳಿಸಿದ್ದು?" ಎಂದ ನಿರ್ದೇಶಕ ಸ್ಲೋನ್.

"ಏನೂ ಇಲ್ಲ ಸಾರ್."

ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ನಾಲ್ಕನೆಯ ಸಲ ಮುಷ್ಟಿ ಬಿಗಿಹಿಡಿದ. ಆಗ ಮಾತೇ ತಪ್ಪಿತು.

"ಈ ಡಾಕ್ಟ್ರು ಕತ್ತರೀನ ಹೊಟ್ಟೆ ಒಳಗೇ ಬಿಟ್ಬಿಡ್ತಾನೆ ಕಣ್ರೋ!" ಎಂದ ದೀಪ ಹಿಡಿದವನೊಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಕೈಯ ಶಿಸ್ತು ಕಲಿಯಲು ಎಷ್ಟು ವರ್ಷ ಬೇಕೆಂದು ಆ ಮೂರ್ಖರಿಗೇನು ಗೊತ್ತು?

ಪಾತ್ರ ಬೆಳ್ಳಿಗೂದಲಿನ ಎತ್ತರದ ಆಸಾಮಿಗೆ ಹೋಯಿತು. ಮುಖ ನೋಡಿದರೆ ಮರ್ಯಾದೆಗೆ ಟೋಪಿ ತೆಗೆಯಬೇಕು. ಬಾಯಿ ಬಿಟ್ಟರೆ ಕೀರಲು. ಎರಡೇ ವಾರಕ್ಕೆ ಸ್ಲೋನ್ ಫೋನ್ ಮಾಡಿದ: "ಡೆಲ್, ಅವನ ತುಟಿಗೆ ನಿನ್ ಮಾತು ಕೂಡಿಸ್ಬೇಕಲ್ಲಪ್ಪಾ. ತೆರೆ ಮೇಲೆ ನಿನ್ ಹೆಸರು ಮಾತ್ರ ಹಾಕಕ್ಕಾಗಲ್ಲ."

ಒಪ್ಪಬೇಡ ಎಂದು ನಾನು ಜಗಳವಾಡಿದೆ.

"ಬೇರೆಯವರು ಆ ಪಾತ್ರಾನ ಹಾಳು ಮಾಡೋದು ಕೇಳ್ಕೊಂಡು ಕೂರ್ಲಾ?" ಎಂದ ಡೆಲ್ಬರ್ಟ್. ಒಪ್ಪಿಕೊಂಡ.

ಮೊದಲ ಕಂತು ಪ್ರಸಾರವಾಗುವ ಸಂಜೆ ಡೆಲ್ಬರ್ಟ್ ಮನೆಯಲ್ಲಿ ನನ್ನನ್ನು ಊಟಕ್ಕೆ ಕರೆದಿದ್ದರು. ಅವನ ಹೆಂಡತಿ ಲೊರೀನ್ ಹುರಿದ ಮಾಂಸ, ಆಲೂಗಡ್ಡೆ ಬಡಿಸಿ ತಾನೂ ಟೆಲಿವಿಷನ್ ಮುಂದೆ ಕೂತಳು. ಬೆಳ್ಳಿಗೂದಲಿನವನು ಬಂದ. ಬಾಯಿ ಅವನದು, ಮಾತು ಡೆಲ್ಬರ್ಟನದು. ಡೆಲ್ಬರ್ಟ್ ತಲೆ ತಗ್ಗಿಸಿಬಿಟ್ಟ. ನಾನು ಅತ್ತ ಇತ್ತ ನೋಡಿದೆ.

ಲೊರೀನ್ ಎದ್ದಳು. ಟೆಲಿವಿಷನ್ ಆರಿಸುತ್ತಾಳೆ ಎಂದುಕೊಂಡೆ. ಅವಳು ತನ್ನ ಕುರ್ಚಿಯನ್ನು ತಿರುಗಿಸಿ, ತೆರೆಗೆ ಬೆನ್ನುಹಾಕಿ, ಗಂಡನೆದುರು ಕೂತಳು.

"ತಲೆ ಎತ್ತು," ಎಂದಳು. "ನಾನು ಡಾಕ್ಟರನ್ನ ನೋಡ್ಬೇಕು."