ಗುಡ್ಡೆ ಬಾಡಿನಲ್ಲಿ ಒಂದು ಬೆರಳು

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಬೇವು ಬೆಲ್ಲ ತಿಂದ ಬಾಯಿಗೆ ಅವತ್ತು ಬಾಡು ಬೀಳಲೇಬೇಕು. ಬೋಗಾದಿಯ ನಮ್ಮ ಬೀದಿಯಲ್ಲಿ ಅವತ್ತು ಅಂಗಡಿಯ ಮಟನ್ ಯಾರೂ ತರುವುದಿಲ್ಲ. ಹತ್ತು ಮನೆಯವರು ಸೇರಿ ಟಗರು ತಂದು, ಖಾಲಿ ಸೈಟಿನಲ್ಲಿ ಕಡಿದು, ಬಾಳೆಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಪ್ರತಿ ಗುಡ್ಡೆಗೂ ಈಲಿ, ಗುಂಡಿಗೆ, ಬೋಟಿ, ಎಲ್ಲದರದೂ ಚೂರು ಬೀಳಬೇಕು. ಈಲಿ ತಪ್ಪಿದರೆ ವರ್ಷವಿಡೀ ಮಾತು ಬಿಡುವ ಜನ ನಾವು. ತಲೆಯೊಂದನ್ನು ಮಾತ್ರ ಹಂಚುವುದಿಲ್ಲ, ಅದು ಸರದಿಯ ಮೇಲೆ ವರ್ಷಕ್ಕೊಂದು ಮನೆಗೆ ಹೋಗುತ್ತದೆ.

ಒಂದು ವರ್ಷ ತಲೆಯ ಸರದಿ ನಮ್ಮದು ಎಂದು ಅಪ್ಪ, ತನ್ನದು ಎಂದು ಚಿಕ್ಕಪ್ಪ. ಹೊಲವೆಲ್ಲ ಬಡಾವಣೆಯಾದಾಗಲೂ ಅವರು ಇಷ್ಟು ಕಚ್ಚಾಡಿರಲಿಲ್ಲ. ಒದೆಯುತ್ತಿದ್ದ ಟಗರನ್ನು ಇಬ್ಬರೂ ಮೊಣಕಾಲಲ್ಲಿ ಅದುಮಿ ಕತ್ತು ಕೊಯ್ದರು. ನೆತ್ತರು ಬೋಗುಣಿಗೆ ಸುರಿಯುತ್ತಿದ್ದಾಗಲೇ ಒಬ್ಬನ ತಾಯಿಯನ್ನು ಇನ್ನೊಬ್ಬ ಬೈದ. ಇಬ್ಬರಿಗೂ ತಾಯಿ ಒಬ್ಬಳೇ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಗುಡ್ಡೆ ಹಾಕಿ ಮುಗಿಯುವ ಹೊತ್ತಿಗೆ ಅಪ್ಪನ ಕಣ್ಣು ಕೆಂಪಾಗಿತ್ತು. ಇಬ್ಬರಿಗೂ ಬೇಡ, ಸೀಳಿ ಹಾಕುತ್ತೇನೆ ಎಂದು ಮಚ್ಚು ಎತ್ತಿದ. ಕೊರಡಿನ ಮೇಲಿದ್ದ ತಲೆಯ ಕೊಂಬನ್ನು ಚಿಕ್ಕಪ್ಪ ಬಿಡಲಿಲ್ಲ. ಅಪ್ಪ ಕಾಯಲಿಲ್ಲ. ಮಚ್ಚು ಕೊಂಬಿಗೆ ತಾಗಿ ಜಾರಿ ಚಿಕ್ಕಪ್ಪನ ಎಡಗೈಗೆ ಬಿತ್ತು. ಅವನು ಕಿರುಚಲೂ ಇಲ್ಲ. ಕೈಯನ್ನು ಟವಲಿನಲ್ಲಿ ಸುತ್ತಿಕೊಂಡು ಯಾರದೋ ಸ್ಕೂಟರ್ ಹತ್ತಿ ಆಸ್ಪತ್ರೆಗೆ ಹೋದ. ಒಂದೆರಡು ಹೊಲಿಗೆ ಬೀಳಬಹುದು ಎಂದುಕೊಂಡ ಜನ ತಂತಮ್ಮ ಗುಡ್ಡೆ ಎತ್ತಿಕೊಂಡು ಮನೆಗೆ ನಡೆದರು.

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಕೈಯಲ್ಲಿ ತೋರುಬೆರಳೇ ಇಲ್ಲವಂತೆ. ಬೇಗ ಹುಡುಕಿ ಐಸಿನಲ್ಲಿಟ್ಟು ತಂದರೆ ಕೂಡಿಸಲು ನೋಡುತ್ತಾರಂತೆ.

ಕೊರಡಿನ ಸುತ್ತ ಎಲ್ಲೂ ಇರಲಿಲ್ಲ. ಬೆರಳು ಎಗರಿ ಯಾವುದೋ ಗುಡ್ಡೆಗೆ ಬಿದ್ದಿದೆ ಎಂದು ಅಪ್ಪನಿಗೆ ಆಗ ಹೊಳೆಯಿತು. ಕೈಯಲ್ಲಿದ್ದ ಮಚ್ಚನ್ನು ಇಡುವುದನ್ನೂ ಮರೆತು ಮನೆಯಿಂದ ಮನೆಗೆ ಓಡಿದ, ಹಿಂದೆ ನಾನು. ಮೈಯೆಲ್ಲ ನೆತ್ತರಾಗಿದ್ದ ಅವನು "ಒಲೆ ಆರ್ಸಿ" ಎನ್ನುತ್ತಾ ನುಗ್ಗುವುದನ್ನು ಕಂಡು ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ನನಗೂ ಅವತ್ತು ಅಪ್ಪನನ್ನು ಕಂಡರೆ ಭಯವಾಯಿತು, ಅಸಹ್ಯವೂ ಆಯಿತು. ಮಾಂಸವನ್ನೆಲ್ಲ ನೆಲಕ್ಕೆ ಸುರಿದು ಚೂರು ಚೂರು ಹಿಚುಕಿ ನೋಡಿದೆವು. ಬೋಟಿಯ ತುಂಡು ಮುಟ್ಟಿದರೂ ಬೆರಳು, ಮೆತ್ತನೆಯ ಮೂಳೆ ಮುಟ್ಟಿದರೂ ಬೆರಳು ಅನ್ನಿಸುತ್ತಿತ್ತು.

ಕೊನೆಗೆ ಉಳಿದದ್ದು ಚಿಕ್ಕಪ್ಪನ ಮನೆ. ಗಂಡನಿಗೆ ಚಿಕ್ಕ ಗಾಯ ಎಂದಷ್ಟೇ ಕೇಳಿದ್ದ ಚಿಕ್ಕಮ್ಮ, ನೆರೆಯವರು ತಂದುಕೊಟ್ಟ ಗುಡ್ಡೆಯನ್ನು ಅವನು ಬರುವಷ್ಟರಲ್ಲಿ ಬೇಯಲಿ ಎಂದು ಕುಕ್ಕರಿಗೆ ಹಾಕಿದ್ದಳು. ಅಪ್ಪ ಆವಿ ಬಿಟ್ಟು ಮುಚ್ಚಳ ತೆಗೆದವನೇ ಕುದಿಯುವ ಸಾರಿಗೆ ಬಲಗೈ ಹಾಕಿದ. ಸೌಟು ಪಕ್ಕದಲ್ಲೇ ಇತ್ತು. ತಡಕಾಡಿ ತಡಕಾಡಿ ಎತ್ತಿದಾಗ ಅವನ ಕೈಯ ಚರ್ಮ ಸುಲಿದಿತ್ತು. ಅಂಗೈಯಲ್ಲಿ ತಮ್ಮನ ಬೆರಳು, ಉಗುರಿನ ಸಮೇತ, ಬೆಂದಿತ್ತು.

ಚಿಕ್ಕಮ್ಮ ಅಪ್ಪನ ಕೆನ್ನೆಗೆ ಬಾರಿಸಿದಳು. "ನೀವ್ ಕಡ್ದು, ನನ್ ಕೈಲಿ ಬೇಯಿಸ್ಬುಟ್ರಲ್ಲ ಭಾವ" ಎಂದು ಅಲ್ಲೇ ಕುಸಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಅಪ್ಪನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೆ. ಆಮೇಲೆ ಅವನು ಅದನ್ನು ಆಡಿದ್ದು ಕೇಳಿಲ್ಲ. ಬಾಡನ್ನೂ ಬಿಟ್ಟ.

ಮರುವರ್ಷ ವರ್ಷತೊಡಕಿನ ದಿನ ಅಪ್ಪ ಮನೆಯಿಂದ ಹೊರಗೆ ಬರಲಿಲ್ಲ. ಅಲ್ಲಿಯವರೆಗೆ ನಮ್ಮ ಹೊಸಿಲು ತುಳಿಯದಿದ್ದ ಚಿಕ್ಕಪ್ಪ ಮಚ್ಚು ಹಿಡಿದು ಬಾಗಿಲಿಗೆ ಬಂದ.

"ಬಾರಣ್ಣ, ತಲೆ ಸೀಳ್ಬೇಕು. ನಾನ್ ಹಿಡ್ಕತೀನಿ."

ಸೈಟಿನಲ್ಲಿ ಅದೇ ಕೊರಡು. ಚಿಕ್ಕಪ್ಪ ಅದೇ ಎಡಗೈಯಲ್ಲಿ ಕೊಂಬು ಹಿಡಿದು ಕಾದ. ಅಪ್ಪ ಸುಟ್ಟ ಕೈಗೆ ಮಚ್ಚು ತೆಗೆದುಕೊಂಡ. ಅವನು ಎತ್ತಲಿಲ್ಲ. ಮಚ್ಚಿನ ಹಿಡಿಯನ್ನು ತಮ್ಮನ ಕಡೆ ತಿರುಗಿಸಿ ಕೊಟ್ಟು, ಅವನ ಕೈ ಸರಿಸಿ, ಕೊಂಬಿನ ಮೇಲೆ ತನ್ನ ಎಡಗೈ ಇಟ್ಟ.

ಚಿಕ್ಕಪ್ಪ ಆ ಕೈಯನ್ನು ನೋಡುತ್ತಾ ನಿಂತ. ಆಮೇಲೆ ಒಂದೇ ಏಟಿಗೆ ಟಗರಿನ ತಲೆ ಸೀಳಿದ. ಅಪ್ಪ ಕೈ ತೆಗೆದಿರಲಿಲ್ಲ, ಐದು ಬೆರಳೂ ಹಾಗೇ ಇದ್ದವು.