ಭಾನುವಾರ ಅಲ್ಲದ ಸಂಕ್ರಾಂತಿ

ಗೇಟಿನ ಹೊರಗೆ ನನ್ನ ಅತ್ತೆ ನಿಂತಿದ್ದರು. ಡೈವೋರ್ಸ್ ಆದಮೇಲೆ ಏನೆಂದು ಕರೆಯಬೇಕೋ ಗೊತ್ತಿಲ್ಲ, ಅತ್ತೆಯೆಂದೇ ಬಾಯಿಗೆ ಬರುತ್ತದೆ. ಸಂಕ್ರಾಂತಿಯ ಸಂಜೆ. ಕೈಯಲ್ಲಿ ಎಲಚಿ ಹಣ್ಣಿನ ಚೀಲ. ಪುಟ್ಟ ಮಕ್ಕಳನ್ನು ಕೂರಿಸಿ, ತಲೆಯ ಮೇಲೆ ಆ ಹಣ್ಣು ಸುರಿದು ಆರತಿ ಎತ್ತುವುದು ನಮ್ಮಲ್ಲಿ ಅಜ್ಜಿಯರ ಕೆಲಸ. ಅದಕ್ಕೆಂದೇ ಚಾಮರಾಜಪೇಟೆಯಿಂದ ಎನ್.ಆರ್. ಕಾಲೋನಿಗೆ ಬಸ್ಸು ಹತ್ತಿ ಬಂದಿದ್ದರು.

“ಇವತ್ತು ಭಾನುವಾರ ಅಲ್ವಲ್ಲಮ್ಮ,” ಎಂದರು. “ನಾನು ಮಗೂನ ನೋಡಿದ್ರೆ ಕೋರ್ಟಲ್ಲಿ ನನ್ನ ಮಗನಿಗೆ ತೊಂದ್ರೆ ಆಗುತ್ತಾ?”

ಮಗು ನನ್ನ ಹತ್ತಿರ, ಭಾನುವಾರ ಮಾತ್ರ ಅಪ್ಪನ ಹತ್ತಿರ ಎಂದು ಕೋರ್ಟ್ ಹೇಳಿತ್ತು. ಆ ಒಂದು ದಿನಕ್ಕಾಗಿ ನಾವಿಬ್ಬರೂ ಕಿತ್ತಾಡಿ ಸುಸ್ತಾಗಿದ್ದೆವು. ಅಜ್ಜಿಯ ವಿಷಯವನ್ನು ಎರಡೂ ಕಡೆಯ ವಕೀಲರು ಎತ್ತಿರಲಿಲ್ಲ, ನಾವೂ ಎತ್ತಿರಲಿಲ್ಲ.

“ನಾನೇ ಕರೆದ್ರೆ ಯಾವ ಕೋರ್ಟೂ ಬೇಡ ಅನ್ನಲ್ಲ, ಬನ್ನಿ,” ಎಂದೆ.

ಮಗುವಿನ ತಲೆಯಿಂದ ಉರುಳಿದ ಹಣ್ಣುಗಳನ್ನು ಇಬ್ಬರೂ ಬಗ್ಗಿ ಆರಿಸಿದೆವು.

ಈಗ ವಾರದ ಮಧ್ಯೆಯೂ ಒಮ್ಮೊಮ್ಮೆ ಬರುತ್ತಾರೆ. ಗೇಟಿಗೆ ಬೀಗ ಹಾಕುವುದಿಲ್ಲವೆಂದು ಅವರಿಗೆ ಗೊತ್ತು. ಆದರೂ ನಾನು ಬಂದು ಕರೆಯುವವರೆಗೆ ಹೊರಗೇ ನಿಂತಿರುತ್ತಾರೆ.