ಪುರುಡಿನಲ್ಲಿ ಬಂದ ಕ್ರಿಸ್ಮಸ್

ಅಕ್ಕನ ಮೊದಲ ಮಗು ಬದುಕಿದ್ದು ಒಂಬತ್ತು ದಿನ. ಇದೊಂದನ್ನು ನಾನು ಅನುಮಾನವಿಲ್ಲದೆ ಬರೆಯಬಲ್ಲೆ, ಏಕೆಂದರೆ ನಮ್ಮ ಸಭೆಯ ಪುಸ್ತಕದಲ್ಲಿ ಅಪ್ಪನ ಕೈಬರಹದಲ್ಲಿ ಅದು ಹುಟ್ಟಿದ ದಿನವೂ ಅದನ್ನು ಮಣ್ಣು ಮಾಡಿದ ದಿನವೂ ಇವೆ. ಆ ಎರಡು ಸಾಲುಗಳ ನಡುವೆ ನಡೆದದ್ದೆಲ್ಲ ನನ್ನ ನೆನಪಿನ ಮಾತು. ನನ್ನ ನೆನಪನ್ನು ನಾನೀಗ ಅಷ್ಟಾಗಿ ನಂಬುವುದಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅದು. ಬೆಂಗಳೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ತತ್ತ್ವಶಾಸ್ತ್ರ ನನ್ನ ವಿಷಯ. ದೇವರಿಲ್ಲ ಎಂದು ತೀರ್ಮಾನಿಸುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಇದ್ದಾನೆ ಎನ್ನುವವರನ್ನು ಕಂಡು ನಗುವಷ್ಟು ಬಂದಿತ್ತು. ಕ್ರಿಸ್ಮಸ್ ರಜಕ್ಕೆ ಊರಿಗೆ ಬಂದೆ. ನಮ್ಮೂರು ಮುಳಬಾಗಿಲು ತಾಲ್ಲೂಕಿನ ಅಂಚಿನಲ್ಲಿತ್ತು, ನಾಲ್ಕು ಹೊಲ ದಾಟಿದರೆ ಮದ್ರಾಸು ಸೀಮೆ. ಅಲ್ಲಿ ಅಪ್ಪ ವಾರದ ದಿನಗಳಲ್ಲಿ ಶಾಲೆಯ ಮೇಷ್ಟರು, ಭಾನುವಾರ ಕ್ರೈಸ್ತ ಸಭೆಯ ಉಪದೇಶಿ. ಸಭೆ ಎಂದರೆ ಹತ್ತು ಹನ್ನೆರಡು ರೈತರ ಮನೆಗಳು, ಒಂದು ಹೆಂಚಿನ ಗುಡಿ. ಅಪ್ಪನ ತಾಯಿ, ನಮ್ಮಜ್ಜಿ, ಊರಿನ ಸೂಲಗಿತ್ತಿ. ಗಂಡನ ಜೊತೆ ನಡುವಯಸ್ಸಿನಲ್ಲಿ ಸಭೆಗೆ ಸೇರಿದವಳು. ಭಾನುವಾರ ಪ್ರಾರ್ಥನೆಗೆ ಕೂರುತ್ತಿದ್ದಳು. ಉಳಿದ ದಿನಗಳಲ್ಲಿ ಯಾವ ಕೇರಿಯಿಂದ ಕರೆ ಬಂದರೂ ಎದ್ದು ಹೋಗುತ್ತಿದ್ದಳು, ಮೊದಲು ಹೋಗುತ್ತಿದ್ದ ಹಾಗೆಯೇ.

ಅಕ್ಕ ಚೊಚ್ಚಲ ಹೆರಿಗೆಗೆ ಶ್ರೀನಿವಾಸಪುರದಿಂದ ಬಂದಿದ್ದಳು. ಕ್ರಿಸ್ಮಸ್‌ಗೆ ಐದು ದಿನ ಇರುವಾಗ ಗಂಡು ಮಗುವಾಯಿತು. ಅಜ್ಜಿಯೇ ಹೆರಿಗೆ ಮಾಡಿಸಿದಳು.

ನಮ್ಮ ಕಡೆ ಮಗು ಹುಟ್ಟಿದ ಮನೆಗೆ ಹತ್ತು ದಿನ ಪುರುಡು. ಹನ್ನೊಂದನೆಯ ದಿನ ತಲೆಗೆ ನೀರು ಹಾಕುವವರೆಗೆ ಸೂಲಗಿತ್ತಿಯ ಹೊರತು ಬೇರೆಯವರು ತಾಯಿಯನ್ನೂ ಮಗುವನ್ನೂ ಮುಟ್ಟುವುದಿಲ್ಲ, ಮನೆಯವರು ಗುಡಿಯ ಮೆಟ್ಟಿಲು ಹತ್ತುವುದಿಲ್ಲ. ಸಭೆಗೆ ಸೇರಿ ಒಂದು ತಲೆಮಾರು ಕಳೆದರೂ ನಮ್ಮವರು ಇದನ್ನು ಬಿಟ್ಟಿರಲಿಲ್ಲ. ಅಪ್ಪ ವರ್ಷಗಟ್ಟಲೆ ಇದರ ಮೇಲೆ ಉಪದೇಶ ಮಾಡಿ ಸೋತಿದ್ದರು. ಆ ಡಿಸೆಂಬರಿನಲ್ಲಿ ಇನ್ನೂ ಎರಡು ಮನೆಗಳಲ್ಲಿ ಮಕ್ಕಳು ಹುಟ್ಟಿದ್ದವು. ಆ ಮನೆಗಳವರೂ ಅವರ ದಾಯಾದಿಗಳೂ ಕ್ರಿಸ್ಮಸ್‌ಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ದೇವರು ಹುಟ್ಟಿದ ಹಬ್ಬಕ್ಕೆ, ಮಕ್ಕಳು ಹುಟ್ಟಿದ್ದರಿಂದಲೇ, ಅರ್ಧ ಗುಡಿ ಖಾಲಿ.

ಅಪ್ಪನಿಗೆ ಇದು ತಡೆಯಲಾಗಲಿಲ್ಲ. ಪ್ರತಿ ವರ್ಷ ಯಾರದಾದರೂ ಕೊಟ್ಟಿಗೆಯಿಂದ ಎತ್ತು ಮೇಯುವ ಮರದ ಗೋದಲಿಯನ್ನು ಗುಡಿಗೆ ತಂದು, ಹುಲ್ಲು ಹಾಸಿ, ಅದರಲ್ಲಿ ಮಣ್ಣಿನ ಮಗುವನ್ನು ಮಲಗಿಸುವುದು ನಮ್ಮಲ್ಲಿ ವಾಡಿಕೆ. ಈ ವರ್ಷ ಮಣ್ಣಿನದು ಬೇಡ, ನಮ್ಮ ಮನೆಯ ಪುರುಡಿನ ಕೂಸನ್ನೇ ಮಲಗಿಸುತ್ತೇನೆ ಎಂದರು. ಉಪದೇಶಿಯ ಮೊಮ್ಮಗುವೇ ದೇವರ ಜಾಗದಲ್ಲಿ ಮಲಗಿದ ಮೇಲೆ ಯಾರು ಇನ್ನು ಪುರುಡೆಂದು ಮನೆಯಲ್ಲಿ ಕೂರುತ್ತಾರೆ?

"ಹಸೀ ಕೂಸನ್ನಾ?" ಎಂದಳು ಅಜ್ಜಿ. "ಹೊಕ್ಕಳ ಬಳ್ಳಿ ಇನ್ನಾ ಉದುರಿಲ್ಲ ಕಣೋ."

"ದೇವರೂ ಹಸೀ ಕೂಸಾಗೇ ಹುಲ್ಲಿನ ಮೇಲೆ ಮಲಗಿದ್ದಮ್ಮ," ಎಂದರು ಅಪ್ಪ. "ಕುರಿ ಕಾಯೋರು ಹನ್ನೊಂದು ದಿನ ಕಾದ್ಕೊಂಡು ಕೂತ್ರಾ? ಸುದ್ದಿ ಕೇಳಿದ ತಕ್ಷಣ ಬಂದ್ರು. ಅವನು ಮನುಷ್ಯನಾಗಿ ಹುಟ್ಟಿದ ಮೇಲೆ ಪುರುಡು ಅನ್ನೋದೇ ಹೋಯ್ತು."

"ಎಲ್ಲಿಗೆ ಹೋಯ್ತು?"

"ಎಲ್ಲಿಗೆ ಅಂದ್ರೆ?"

"ಹುಟ್ಟಿದ್ದು ನಿಜ ತಾನೆ? ನೀರು ಒಡೀತು, ರಕ್ತ ಹೋಯ್ತು, ಮಾಸು ಬಿತ್ತು. ಯಾರೋ ಒಬ್ಳು ಅದನ್ನೆಲ್ಲ ಬಳಿದು ಹೂತಿರ್ತಾಳೆ. ಬಳ್ಳಿ ಕೊಯ್ದೋರು ಯಾರು ಅಂತ ನಿನ್ ಪುಸ್ತಕದಾಗೆ ಐತಾ?"

"ಅದು ಬರೆದಿಲ್ಲ."

"ಬರೀದಿದ್ರೆ ಆಗಿಲ್ಲ ಅಂತಾನಾ? ಹುಟ್ಟಿದ್ದು ನಿಜ ಅಂದ್ರೆ ಪುರುಡೂ ನಿಜ. ಪುರುಡಿಲ್ಲ ಅಂದ್ರೆ ನೀನು ಮಲಗ್ಸೋದು ಗೊಂಬೇನೇ."

ನಾನು ನಡುವೆ ಬಾಯಿ ಹಾಕಿದೆ. ಪುರುಡು ಬರೀ ಮೂಢನಂಬಿಕೆ, ಓದಿದವರು ಇದನ್ನು ಒಪ್ಪುವುದಿಲ್ಲ ಎಂದೆ. ಅಜ್ಜಿ ನನ್ನ ಕಡೆ ತಿರುಗಿದಳು.

"ಬಾರಪ್ಪಾ ಬಿ.ಎ. ನಿನ್ನ ಹೊರಗೆ ಎಳೆದಿದ್ದೂ ಇದೇ ಕೈ. ತಲೆ ದಪ್ಪ ಐತೆ ಅಂತ ಆವತ್ತೇ ಅಂದ್ಕೊಂಡೆ."

ಎಲ್ಲರೂ ನಕ್ಕೆವು. ಆದರೆ ನನ್ನ ಮಾತಿನಿಂದ ತಕ್ಕಡಿ ಅಪ್ಪನ ಕಡೆ ವಾಲಿತು ಎಂದೇ ನಾನು ತಿಳಿದಿದ್ದೇನೆ. ಒಂದು ಮಾತು ಹೇಳಿಬಿಡಬೇಕು: ಅಜ್ಜಿ ಪುರುಡನ್ನು ಮೈಲಿಗೆಯೆಂದೇ ನಂಬಿದ್ದಳು, ಆರೋಗ್ಯದ ನಿಯಮವೆಂದಲ್ಲ. ಹಳೆಯದಕ್ಕೆಲ್ಲ ವಿಜ್ಞಾನದ ಬಣ್ಣ ಬಳಿಯುವವರು ಈಗ ಹೆಚ್ಚುತ್ತಿದ್ದಾರೆ. ನಾನು ಬಳಿಯಲಾರೆ. ನನ್ನ ತಪ್ಪು ಮೈಲಿಗೆಯನ್ನು ಅಲ್ಲಗಳೆದದ್ದಲ್ಲ. ವಾದದಲ್ಲಿ ಗೆಲ್ಲುವ ಉತ್ಸಾಹದಲ್ಲಿ, ನಾವು ಮಾತಾಡುತ್ತಿರುವುದು ಐದು ದಿನವೂ ತುಂಬದ ಒಂದು ಮಗುವಿನ ಬಗ್ಗೆ ಎಂಬುದನ್ನು ಮರೆತದ್ದು.

ಕ್ರಿಸ್ಮಸ್ ಬೆಳಿಗ್ಗೆ ಅಜ್ಜಿ ಗುಡಿಗೆ ಬರಲಿಲ್ಲ. ಅಕ್ಕ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ನನ್ನ ನೆನಪಿನಲ್ಲಿ ಅವಳು ಏನೂ ಹೇಳಲಿಲ್ಲ. ಗಾಳಿ ಚಳಿಯಾಗಿತ್ತು, ಮುಖದ ಮೇಲೂ ಬಟ್ಟೆ ಎಳೆದುಕೊಂಡಿದ್ದೆ. ತೋಳಿಗೆ ಅದರ ಮೈಬಿಸಿ ತಾಗುತ್ತಿತ್ತು. ಗೋದಲಿಯ ಹುಲ್ಲಿನಲ್ಲಿ ಮಲಗಿಸಿದೆ. ದೇವರು ಮೇಲೆ ಕೂತು ಮನುಷ್ಯರನ್ನು ಕರೆಯಲಿಲ್ಲ, ತಾನೇ ಇಳಿದು ಬಂದು ನಮ್ಮಂತೆ ಹಸಿದ, ನಮ್ಮಂತೆ ನಡುಗಿದ ಎಂದು ಅಪ್ಪ ಹೇಳಿದರು. ನಾನು ಕೇಳಿದ ಅವರ ಉಪದೇಶಗಳಲ್ಲಿ ಅದೇ ಚೆನ್ನಾಗಿತ್ತು. ಪುರುಡಿನ ಒಂದು ಮನೆಯವರು ಬಂದು ಬಾಗಿಲಲ್ಲಿ ನಿಂತಿದ್ದರು. ಅಪ್ಪನ ಕಣ್ಣು ತುಂಬಿತ್ತು.

ಎರಡು ದಿನ ಕಳೆದ ಮೇಲೆ ಮಗು ಹಾಲು ಬಿಟ್ಟಿತು. ದವಡೆ ಬಿಗಿಯಿತು. ಮುಟ್ಟಿದರೆ ಸಾಕು, ಬಿಲ್ಲಿನಂತೆ ಸೆಟೆದುಕೊಳ್ಳುತ್ತಿತ್ತು. ಗಾಡಿಯಲ್ಲಿ ಮುಳಬಾಗಿಲಿಗೆ, ಅಲ್ಲಿಂದ ಮೋಟಾರಿನಲ್ಲಿ ಕೋಲಾರದ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಒಮ್ಮೆ ನೋಡಿ, ಇದು ಧನುರ್ವಾಯು, ತಡವಾಯಿತು ಎಂದರು. ಆಮೇಲೆ ಅಜ್ಜಿಯನ್ನು ಕೇಳಿದರು.

"ಬಳ್ಳಿ ಯಾತರಲ್ಲಿ ಕೊಯ್ದೆ?"

"ಕುಡ್ಲಲ್ಲಿ ತಾಯಿ. ಬೆಂಕಿಗೆ ಹಿಡಿದೇ ಕೊಯ್ಯೋದು."

"ಈ ರೋಗದ ವಿಷ ಮಣ್ಣಲ್ಲಿ, ಸಗಣಿಯಲ್ಲಿ, ಕೊಟ್ಟಿಗೆ ಹುಲ್ಲಲ್ಲಿ ಇರುತ್ತೆ. ಹೊಕ್ಕುಳಿಗೆ ಅಂಥದ್ದೇನಾದರೂ ತಾಗಿತ್ತಾ?"

ನಾನು ಅಲ್ಲೇ ನಿಂತಿದ್ದೆ. ಅಪ್ಪ ಹೊರಗಿದ್ದರು. ಹುಲ್ಲು ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಗುಡಿಯ ಗೋದಲಿ ನನ್ನ ಕಣ್ಣ ಮುಂದೆ ಬಂತು. ನಾನು ಉತ್ತರಿಸುವ ಮೊದಲೇ, ಉತ್ತರಿಸುತ್ತಿದ್ದೆನೋ ಇಲ್ಲವೋ, ಅಜ್ಜಿ ಹೇಳಿಬಿಟ್ಟಳು.

"ಇನ್ನೇನೂ ಇಲ್ಲ ತಾಯಿ. ನನ್ ಕುಡ್ಲೇ."

ಮಗು ಮರುದಿನ ಹೋಯಿತು. ಅಜ್ಜಿಯ ಕುಡುಗೋಲಿನಿಂದ ಮಗು ಸತ್ತಿತು ಎಂಬುದು ಮನೆಯಲ್ಲೂ ಊರಲ್ಲೂ ನಿಂತಿತು. ಅವಳು ಅಂದಿನಿಂದ ಹೆರಿಗೆಗೆ ಹೋಗಲಿಲ್ಲ. ಯಾರಾದರೂ ಬಾಗಿಲಿಗೆ ಬಂದು ಕರೆದರೆ, "ಕೈ ಕೆಟ್ಟೋಗೈತಮ್ಮ, ಬೇರೆಯೋರನ್ನ ನೋಡ್ಕೊ," ಎನ್ನುತ್ತಿದ್ದಳು. ಬೇರೆಯವರು ಇರಲಿಲ್ಲ. ಹಿಂದಿನ ಬೀದಿಯ ಒಬ್ಬಳು ಎರಡು ದಿನ ನೋವು ತಿಂದು ಸತ್ತಳು. ಭಾನುವಾರಗಳಲ್ಲಿ ಗುಡಿಗೆ ಹೋಗುತ್ತಿದ್ದವಳು ಕ್ರಿಸ್ಮಸ್ ದಿನ ಮಾತ್ರ ಕದ ಹಾಕಿಕೊಂಡು ಮನೆಯಲ್ಲೇ ಇರುತ್ತಿದ್ದಳು. ಅಪ್ಪ ಯುದ್ಧದ ನಡುವಿನಲ್ಲಿ ಜ್ವರದಿಂದ ತೀರಿಕೊಂಡರು. ಹುಲ್ಲಿನ ಮಾತು ಅವರ ತಲೆಗೂ ಬಂದಿತ್ತೋ ಏನೋ, ನಾನು ಕೇಳಲಿಲ್ಲ.

ನಾನು ಮಾಲೂರಿನಲ್ಲಿ ಮೇಷ್ಟರಾದೆ. ಕಾಲೇಜಿನಲ್ಲಿ ಓದಿದ್ದ ಒಂದು ವಿಷಯ ಅಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ಮೊದಲ ಶತಮಾನಗಳಲ್ಲಿ ಕೆಲವರು, ದೇವರು ನಿಜವಾಗಿ ಮನುಷ್ಯನಾಗಲಿಲ್ಲ, ಹಾಗೆ ತೋರಿಸಿಕೊಂಡ ಅಷ್ಟೆ, ಹಸಿವು ನೋವು ಅವನನ್ನು ಮುಟ್ಟಲೇ ಇಲ್ಲ ಎಂದು ವಾದಿಸುತ್ತಿದ್ದರಂತೆ. ಸಭೆ ಅದನ್ನು ತಳ್ಳಿಹಾಕಿತು. ಆಗ ನನಗೆ ಆ ವಾದವೇ ಜಾಣತನದ್ದು ಎನಿಸಿತ್ತು. ಈಗ ಅನಿಸುತ್ತಿದ್ದುದು ಬೇರೆ: ದೇವರು ನಿಜವಾಗಿ ಮಗುವಾಗಿದ್ದರೆ, ಅದಕ್ಕೂ ಉದುರದ ಬಳ್ಳಿಯಿತ್ತು, ಅದರ ಕೆಳಗೂ ದನ ಮೇದ ಹುಲ್ಲಿತ್ತು. ಒಂಬತ್ತನೆಯ ದಿನ ಅದೂ ಸೆಟೆದು ಸಾಯಬಹುದಾಗಿತ್ತು. ಅಷ್ಟು ದೂರ ಇಳಿಯುವ ದೇವರನ್ನು ಅಪ್ಪ ಒಪ್ಪುತ್ತಿದ್ದರೇ? ನಾನು ನಂಬುವವನಲ್ಲ; ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಯುದ್ಧ ಮುಗಿದ ವರ್ಷ, ಡಿಸೆಂಬರಿನಲ್ಲಿ, ಇನ್ನು ಸುಮ್ಮನಿರಲಾರೆ ಎನಿಸಿತು. ಅಜ್ಜಿಗೆ ಎಂಬತ್ತರ ಹತ್ತಿರ. ನನ್ನ ಪಾಲಿನದನ್ನು ಹೊತ್ತುಕೊಂಡೇ ಅವಳು ಸಾಯಬಾರದು. ಮೊದಲು ಅಕ್ಕನಿಗೆ ಹೇಳಬೇಕೆಂದು ಶ್ರೀನಿವಾಸಪುರಕ್ಕೆ ಹೋದೆ. ಅವಳ ಮನೆಯ ಹಿಂದೆ ಮಾವಿನ ತೋಪು. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಅಲ್ಲಿ ಆಡುತ್ತಿದ್ದರು. ಹುಲ್ಲಿನ ವಿಷಯ, ಡಾಕ್ಟರಮ್ಮನ ಪ್ರಶ್ನೆ, ನನ್ನ ಮೌನ, ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಏನೋ ಹೇಳ್ತಿದೀಯ? ನಾನ್ ಮಗು ಕೊಡಲೇ ಇಲ್ವಲ್ಲೋ. ದಿಂಬು ಸುತ್ತಿ ಕೊಟ್ಟೆ."

"ದಿಂಬಾ?"

"ಮಗು ಬಟ್ಟೇಲಿ ದಿಂಬು ಸುತ್ತಿ ಕೊಟ್ಟೆ ಕಣೋ. ಅಪ್ಪಂಗೆ ಗೊತ್ತಾಗಲ್ಲ ಬಿಡಕ್ಕಾ ಅಂತ ನೀನೇ ನಕ್ಕೆ. ಮರೆತ್ಯಾ?"

ನಕ್ಕ ನೆನಪು ನನಗಿಲ್ಲ. ತೋಳಿಗೆ ತಾಗಿದ ಬಿಸಿಯ ನೆನಪಿದೆ. ಆದರೆ ಕೋಲಾರದ ದಾರಿಯಲ್ಲೂ ಮಗುವನ್ನು ನಾನು ಎತ್ತಿಕೊಂಡಿದ್ದೆ; ಆ ಬಿಸಿ ಯಾವ ದಿನದ್ದು? ಅಕ್ಕ ನನ್ನನ್ನು ಉಳಿಸಲು ಹೀಗೆ ಹೇಳುತ್ತಿದ್ದಾಳೋ, ತನ್ನನ್ನು ಉಳಿಸಿಕೊಳ್ಳಲೋ, ಅಥವಾ ನಡೆದದ್ದೇ ಹಾಗೋ? ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಂದು ಗೋದಲಿಯಲ್ಲಿ ಇದ್ದದ್ದು ಬರೀ ದಿಂಬಾದರೆ, ಅಜ್ಜಿಯ ಕೈಯೊಂದೇ ಉಳಿಯುತ್ತದೆ.

ಊರಿಗೆ ಹೋಗಿ ಸಭೆಯ ಇಬ್ಬರು ಹಿರಿಯರನ್ನು ಕೇಳಿದೆ. ಒಬ್ಬರು, ಮಗು ಗೋದಲಿಯಲ್ಲಿ ಅತ್ತದ್ದು ಈಗಲೂ ಕಿವಿಯಲ್ಲಿದೆ ಎಂದರು. ಇನ್ನೊಬ್ಬರು, ಯಾವ ಮಗು, ಎಂದಿನಂತೆ ಮಣ್ಣಿನದೇ ಇತ್ತಲ್ಲ ಎಂದರು. ಇಂಥ ಸಾಕ್ಷಿಗಳ ಮೇಲೆ ನಿಂತಿರುವ ಧರ್ಮವನ್ನು ನಾನು ಕಾಲೇಜಿನಲ್ಲಿ ಎಷ್ಟೊಂದು ಗೇಲಿ ಮಾಡಿದ್ದೆ!

ಕ್ರಿಸ್ಮಸ್‌ನ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ಜಗಲಿಯ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿತ್ತು, ಬೆರಳಿನಿಂದಲೇ ಹುಳುಕು ಕಾಳು ಗುರುತಿಸಿ ಎಸೆಯುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ.

"ಅಜ್ಜೀ, ಮಗು ಹೋಗಿದ್ದು ನಿನ್ನ ಕುಡ್ಲಿನಿಂದ ಅಲ್ಲ. ನಾನು ಗೋದಲಿ ಹುಲ್ಲಲ್ಲಿ ಮಲಗಿಸಿದ್ನಲ್ಲ, ಅದರಿಂದ."

ಅವಳ ಬೆರಳು ನಿಲ್ಲಲಿಲ್ಲ.

"ಯಾವ ಹುಲ್ಲು?"

"ಯಾವ ಹುಲ್ಲು ಅಂದ್ರೆ?"

"ರಾಗಿ ಹುಲ್ಲಾ, ಭತ್ತದ ಹುಲ್ಲಾ?"

"ರಾಗಿ ಹುಲ್ಲು," ಎಂದೆ. ನಮ್ಮೂರಿನಲ್ಲಿ ಇನ್ನಾವುದು?

"ಭತ್ತದ್ದು ಕಣೋ. ಕೆರೆ ಕೆಳಗಿನ ಗದ್ದೇದು. ಕೂಸಿಗೆ ಮೆತ್ತಗಿರ್ಲಿ ಅಂತ ನಿಮ್ಮಪ್ಪ ಕೇಳಿ ಇಸ್ಕೊಂಡು ಬಂದಿದ್ದ. ಸಾಕ್ಷಿ ಹೇಳೋಕೆ ಬಂದೋನು ಸರಿಯಾಗಿ ಹೇಳ್ಬೇಕು."

"ನೀನು ಆವತ್ತು ಗುಡಿಗೆ ಬರಲೇ ಇಲ್ವಲ್ಲ. ನಿನಗೆ ಹೇಗೆ ಗೊತ್ತು?"

"ಬಟ್ಟೆ ಒಗೆದೋಳು ನಾನು."

ಮಗುವಿನ ಬಟ್ಟೆಯಲ್ಲಿ ಹುಲ್ಲು ಸಿಕ್ಕಿಕೊಂಡಿದ್ದನ್ನು ಕೋಲಾರಕ್ಕೆ ಹೋಗುವ ಮೊದಲೇ ಅವಳು ನೋಡಿದ್ದಳು. ಡಾಕ್ಟರಮ್ಮ ಕೇಳಿದಾಗ ಎಲ್ಲ ಗೊತ್ತಿದ್ದೇ ಅವಳು, ಇನ್ನೇನೂ ಇಲ್ಲ ಎಂದದ್ದು.

"ಅಕ್ಕ ಅಂತಾಳೆ, ಬಟ್ಟೇಲಿದ್ದಿದ್ದು ದಿಂಬು ಅಂತ."

"ಹಂಗಾದ್ರೆ ದಿಂಬೇ."

"ನನ್ನ ತೋಳಿಗೆ ಬಿಸಿ ತಾಗಿತ್ತಜ್ಜಿ."

ಅವಳು ಮೊದಲ ಸಲ ಕೈ ನಿಲ್ಲಿಸಿ ನನ್ನ ಕಡೆ ಮುಖ ತಿರುಗಿಸಿದಳು. ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ.

"ತಾಗಿತ್ತು ಅಂದ್ರೆ ಕೂಸೇ. ಹೊತ್ಕೊ ನಾಯ್ನಾ, ಬೇಡ ಅನ್ನಲ್ಲ. ಆದ್ರೆ ಕುಡ್ಲು ನಂದು. ಅದನ್ನ ನಾನು ಯಾರಿಗೂ ಕೊಡಲ್ಲ."

ನನ್ನ ಪಾಲು ಅವಳಿಂದ ಇಳಿಸಿಕೊಳ್ಳಲು ಬಂದಿದ್ದೆ. ಅವಳು ಒಂದಿಷ್ಟು ಬಿಟ್ಟುಕೊಟ್ಟಳು, ಎಲ್ಲವನ್ನೂ ಅಲ್ಲ. ಅಪ್ಪ ಇದ್ದಿದ್ದರೆ, ಇದನ್ನೆಲ್ಲ ಹೊರಲೆಂದೇ ಒಬ್ಬ ಹುಟ್ಟಿ ಬಂದನಲ್ಲ ಎನ್ನುತ್ತಿದ್ದರು. ಅದನ್ನು ಅವಳಿಗೆ ಹೇಳುವ ಹಕ್ಕು ನನಗಿಲ್ಲ ಎನಿಸಿತು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

"ನಾಳೆ ಗುಡಿಗೆ ಹೋಗ್ತೀನಿ," ಎಂದಳು. "ಹಬ್ಬದ ದಿನ ಕದ ಹಾಕ್ಕೊಂಡು ಏಳು ವರ್ಷ ಆಯ್ತು. ನೀನೂ ಬಾ."

"ನಂಗೆ ನಂಬಿಕೆ ಇಲ್ಲಜ್ಜಿ."

"ಇಲ್ದಿದ್ರೆ ಇಲ್ಲ. ಮೆಟ್ಲು ಕಾಣಲ್ಲ ನಂಗೆ, ಕೈ ಹಿಡ್ಕೊಳ್ಳೋಕೆ ಬಾ."